ಎರಡು ಮಾಸ್ಕಿನ ಹುಡುಗಿ

ಎಡಗಾಲಿಗೆ ಶೂ ಹತ್ತಲೇ ಇಲ್ಲ. ಸತ್ತವನ ಭಾವಮೈದುನ ಮೊಣಕಾಲೂರಿ, ಹಲ್ಲು ಕಚ್ಚಿ ಇನ್ನೊಮ್ಮೆ ನೂಕಿದ.

"ಸಾಕು ಬಿಡೋ. ಅವನೇನು ನಡ್ಕೊಂಡು ಹೋಗ್ಬೇಕಾ?" ಎಂದಳು ಸತ್ತವನ ಅಕ್ಕ.

"ಬದುಕಿದ್ದಾಗಲೂ ಹೀಗೇ. ಒಂದು ಮಾತಿಗೆ ಬಗ್ಗಿದ ಮನುಷ್ಯ ಅಲ್ಲ," ಎಂದು ಭಾವಮೈದುನ ಗೊಣಗಿದ.

ಪಕ್ಕದ ಮನೆಯಾತ ಬಾಡಿಗೆ ಕುರ್ಚಿಯಿಂದ ಮುಂದೆ ಬಾಗಿದ. "ಅಷ್ಟು ವರ್ಷ ಆ ಪ್ರಯೋಗಾಲಯದಲ್ಲಿ ಏನ್ ಮಾಡ್ತಿದ್ರು ಇವರು?"

"ಗಾಜು ತೊಳೀತಿದ್ದ," ಎಂದ ಭಾವಮೈದುನ.

ಬಾಗಿಲ ಬಳಿ ನಿಂತಿದ್ದ ಸಂಶೋಧಕಿಗೆ ಮೈ ಉರಿಯಿತು. ಗಾಜು ತೊಳೆಯುವವನಂತೆ! ಪೆರೋವ್‌ಸ್ಕೈಟ್ ಎಂಬ ವಸ್ತುವನ್ನು ಗಾಜಿನ ಚೂರಿನ ಮೇಲೆ ಕೂದಲಿಗಿಂತ ತೆಳ್ಳಗೆ, ಪದರ ಪದರವಾಗಿ ಬಳಿದು ಬಿಸಿಲಿನಿಂದ ಕರೆಂಟು ತೆಗೆಯುವ ಬಿಲ್ಲೆಗಳನ್ನು ಅಲ್ಲಿ ಎಲ್ಲರೂ ಮಾಡುತ್ತಿದ್ದರು. ದೀಪದ ಕೆಳಗೆ ಸಾವಿರ ಗಂಟೆ ಬೆಂದರೂ ಕಪ್ಪಗೇ ಉಳಿಯುತ್ತಿದ್ದದ್ದು ಈತ ಬಳಿದವು ಮಾತ್ರ. ಉಳಿದವರು ಮಾಡಿದವು ವಾರದೊಳಗೆ ತೇವ ಕುಡಿದು ಹಳದಿಯಾಗುತ್ತಿದ್ದವು. ಅವಳವೂ ಅಷ್ಟೇ, ಮೂರು ವರ್ಷದಿಂದ. ಇನ್ನೆರಡು ತಿಂಗಳಲ್ಲಿ ಕೆಡದೆ ನಿಲ್ಲುವ ಬಿಲ್ಲೆಯೊಂದನ್ನು ತೋರಿಸದಿದ್ದರೆ ಗಂಟುಮೂಟೆ ಕಟ್ಟು ಎಂದು ಪ್ರಯೋಗಾಲಯ ನಡೆಸುವ ಮೇಷ್ಟ್ರು ಹೇಳಿಯಾಗಿತ್ತು.

ಹಾಗಾಗಿ ಅವಳು ಅಳಲೂ ಬಂದಿದ್ದಳು, ಅವನ ಟಿಪ್ಪಣಿ ಪುಸ್ತಕ ಕೇಳಲೂ ಬಂದಿದ್ದಳು. ಯಾವುದು ಮೊದಲು ಎಂದು ಅವಳಿಗೇ ಗೊತ್ತಿರಲಿಲ್ಲ.

* * *

"ಮರೀ, ಮತ್ತೆ ಹಳದಿಯಾಯ್ತಾ?" ಎಂದು ಪ್ರಯೋಗಾಲಯದಲ್ಲಿ ಅವನು ಒಮ್ಮೆ ಕೇಳಿದ್ದ.

ಅವಳು ತಲೆ ಆಡಿಸಿದಳು. ಅವನು ಬಿಲ್ಲೆಯನ್ನು ಚಿಮಟದಲ್ಲಿ ಹಿಡಿದು ಬೆಳಕಿಗೆ ತೋರಿಸಿ ಲೊಚಗುಟ್ಟಿದ.

"ನಿನ್ನ ಉಸಿರು ಕಣಮ್ಮ. ಬಾಯಿಂದ ಬರೋ ಅಷ್ಟು ತೇವ ಸಾಕು, ಪದರ ಕೂರೋದಿಲ್ಲ. ಇನ್ನೊಂದು ಮಾಸ್ಕ್ ಹಾಕ್ಕೋ."

ಹಾಕಿಕೊಂಡಳು. ಬಳಿಯುವಷ್ಟು ಹೊತ್ತೂ ಉಸಿರು ಬಿಗಿಹಿಡಿದಳು. ಒಂದು ದಿನ ಕಣ್ಣು ಕತ್ತಲೆ ಬಂದು ಬಿದ್ದಳು, ಮೇಜಿನ ಅಂಚು ತಾಗಿ ಹುಬ್ಬು ಸೀಳಿತು. ಹತ್ತಿ ಒತ್ತಿ ಹಿಡಿದು ಡಾಕ್ಟರ ಹತ್ತಿರ ಕರೆದೊಯ್ದವನೂ ಅವನೇ. "ನನಗೊಬ್ಬಳು ಮಗಳಿದ್ದಿದ್ರೆ ನಿನ್ನಷ್ಟೇ ಇರ್ತಿದ್ಲು," ಎಂದಿದ್ದ ದಾರಿಯಲ್ಲಿ. ಆ ಮಾತಿಗೆ ಅವಳು ಕರಗಿ ನೀರಾಗಿದ್ದಳು.

ತಾನು ಬಳಿಯುವಾಗ ಮಾತ್ರ ಅವಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದ. "ಇಬ್ಬರ ಉಸಿರು ಒಳಗೆ ಬೇಡ ಮರೀ."

* * *

ಅಡುಗೆಮನೆಯಲ್ಲಿ ಅವನ ಹೆಂಡತಿ ಲೋಟ ತೊಳೆಯುತ್ತಿದ್ದಳು. ಸಂಶೋಧಕಿ ಕೇಳಿದ್ದನ್ನು ತಿರುಗದೆಯೇ ಕೇಳಿಸಿಕೊಂಡಳು.

"ಪುಸ್ತಕಾನಾ? ಅವರೆಲ್ಲಿ ಬರೀತಿದ್ರು?" ಆಮೇಲೆ ತಿರುಗಿ ಹುಬ್ಬಿನ ಕಲೆ ನೋಡಿದಳು. "ಎರಡು ಮಾಸ್ಕಿನ ಹುಡುಗಿ ನೀನೇನಾ?"

"ನನ್ನ ವಿಷಯ ಹೇಳ್ತಿದ್ರಾ ಆಂಟಿ?"

"ಊಟಕ್ಕೆ ಕೂತಾಗೆಲ್ಲ ನಿನ್ನದೇ ಮಾತು. ಇವತ್ತೂ ಉಸಿರು ಕಟ್ಕೊಂಡು ಮಾಡಿದ್ಲು ಕಣೇ, ಇವತ್ತೂ ಹಳದಿ ಅಂತ ಹೊಟ್ಟೆ ಹಿಡ್ಕೊಂಡು ನಗ್ತಿದ್ರು. ನಾನೂ ನಗ್ತಿದ್ದೆ, ಸುಳ್ಳು ಯಾಕೆ ಹೇಳ್ಲಿ."

"ನಗು ಯಾಕೆ ಆಂಟಿ?"

"ಉಸಿರೇ ಬೇಕಂತೆ ಅದಕ್ಕೆ. ಕನ್ನಡಕ ಒರೆಸೋವಾಗ ಮಾಡ್ತೀವಲ್ಲ, ಹಾಗೆ ಗಾಜಿನ ಮೇಲೆ ಒಂದ್ಸಲ 'ಹಾ' ಅನ್ನೋದು. ಆ ಮಬ್ಬು ಆರೋ ಹೊತ್ತಿಗೆ ಸರಿಯಾಗಿ ಬಳಿಯೋದು. ಆಗ ಪದರ ಗಟ್ಟಿಯಾಗಿ ಕಚ್ಚಿಕೊಳ್ಳುತ್ತಂತೆ."

"ಮೂರು ವರ್ಷ ಆಂಟಿ. ನಾನೇನು ಮಾಡಿದ್ದೆ ಅವರಿಗೆ?"

"ಕೆಲಸಕ್ಕೆ ಬಂದೆಯಲ್ಲ. ಈ ಹುಡುಗಿಯ ಕೈ ಪಳಗಿದ ದಿನ ನೀನು ಮನೆಗೆ ಹೋಗಬಹುದು ಅಂತ ಮೇಷ್ಟ್ರು ಅವತ್ತೇ ಇವರಿಗೆ ಹೇಳಿದ್ರಂತೆ." ಲೋಟ ಬೋರಲು ಹಾಕಿದಳು. "ನಿನ್ನ ಹುಬ್ಬು ಒಡೆದ ದಿನ ಅವರು ಊಟ ಬಿಟ್ರು. ನಾಳೆ ಹೇಳಿಬಿಡ್ತೀನಿ ಅಂದ್ರು. ಬೇಡ ಅಂದವಳು ನಾನು. ಹೋಗು, ಹೊರಡೋ ಹೊತ್ತಾಯ್ತು, ಅವರ ಮುಖ ನೋಡ್ಕೋ."

ಉಗಿಯಬೇಕು ಅನ್ನಿಸಿತು ಅವಳಿಗೆ. ಕಿರುಚಬೇಕು ಅನ್ನಿಸಿತು. ಬಾಯಿಂದ ಬಂದದ್ದು ಮಾತ್ರ ಬೇರೆ.

"ಆ ಮಬ್ಬು ಆರೋಕೆ ಎಷ್ಟು ಸೆಕೆಂಡು?"

"ಅದು ಅವರಿಗೇ ಗೊತ್ತು."

ಮುಂದಿನ ಕೋಣೆಯಲ್ಲಿ ಪೆಟ್ಟಿಗೆ ಮುಚ್ಚಿದ್ದರು. ಮುಖದ ಮೇಲೆ ಅಂಗೈ ಅಗಲದ ಗಾಜು. ಸಂಶೋಧಕಿ ನೇರ ಹೋಗಿ ಮಂಡಿಯೂರಿದಳು, ಮೂಗು ತಾಗುವಷ್ಟು ಬಗ್ಗಿ ಬಾಯಿ ತೆರೆದಳು.

"ಅಯ್ಯೋ, ಮುತ್ತು ಕೊಡ್ತಿದೆ ನೋಡು ಮಗು," ಎಂದು ಅಕ್ಕ ಬಿಕ್ಕಿದಳು. ಬೆಳಗಿನಿಂದ ಕಣ್ಣೊದ್ದೆ ಮಾಡದಿದ್ದ ಭಾವಮೈದುನನೂ ಗೋಡೆಗೆ ಮುಖ ತಿರುಗಿಸಿದ.

ಗಾಜಿನ ಕೆಳಗೆ ಮುಖ ಮಾಯವಾಗಿತ್ತು. ಮಬ್ಬು ಅಂಚಿನಿಂದ ಒಳಗೆ ಸರಿಯುತ್ತಾ ಮೊದಲು ಹಣೆ ಬಿಟ್ಟಿತು, ಆಮೇಲೆ ಕೆನ್ನೆ, ಕೊನೆಗೆ ಮುಚ್ಚಿದ ತುಟಿ. ಅವಳ ಕಣ್ಣು ಕೈಗಡಿಯಾರದ ಮೇಲಿತ್ತು, ತುಟಿ ಎಣಿಸುತ್ತಿತ್ತು. ನಾಲ್ವರು ಬಂದು ಪೆಟ್ಟಿಗೆಗೆ ಕೈ ಹಾಕಿದರು. ಅವಳು ತೋಳಿನಿಂದ ಗಾಜು ಒರೆಸಿ, ಅವರನ್ನು ತಡೆದು, ಇನ್ನೊಮ್ಮೆ ಉಸಿರು ಬಿಟ್ಟಳು.