ವಿಯೆನ್ನಾದವರ ವಾರ

ಕಳೆದ ನವೆಂಬರಿನಲ್ಲಿ ನಾನು ಒಂದು ವಾರದ ರಜೆಗಾಗಿ ಫೆರ್ಡಿಯ ಜೊತೆ ಜಗಳವಾಡಿ ಗೆದ್ದೆ. ಗೆದ್ದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ, ಆದರೆ ಆ ದಿನ ಮಾತ್ರ ಎದೆಯುಬ್ಬಿಸಿಕೊಂಡೇ ಮನೆಗೆ ಹೋಗಿದ್ದೆ.

ನಾನು ರೊಮೆಡ್, ಇನ್ಸ್‌ಬ್ರುಕ್‌ನಲ್ಲಿ ಟ್ರಾಮ್ ಓಡಿಸುತ್ತೇನೆ. ಇಪ್ಪತ್ತೆರಡು ವರ್ಷವಾಯಿತು. ನಮ್ಮ ಡಿಪೋದಲ್ಲಿ ಪ್ರತಿ ನವೆಂಬರಿಗೆ ಮುಂದಿನ ವರ್ಷದ ರಜೆ ಪಟ್ಟಿಯನ್ನು ಊಟದ ಕೋಣೆಯ ಗೋಡೆಗೆ ಅಂಟಿಸುತ್ತಾರೆ. ಫೆಬ್ರವರಿಯ ಶಾಲಾ ರಜೆಯ ವಾರಕ್ಕೆ ಎಲ್ಲರ ಕಣ್ಣು. ಮಕ್ಕಳನ್ನು ಕರೆದುಕೊಂಡು ಸ್ಕೀಗೆ ಹೋಗದ ಅಪ್ಪ ಈ ಊರಿನಲ್ಲಿ ಅಪ್ಪನೇ ಅಲ್ಲ. ಆ ವಾರ ಇನ್ನೊಬ್ಬನಿಗೆ ಮಾತ್ರ ಜಾಗವಿತ್ತು. ಫೆರ್ಡಿಗೆ ಮೂವರು ಮಕ್ಕಳು, ನನಗೆ ಒಬ್ಬಳು.

"ನಿನ್ನ ಮಗಳು ನಿನ್ನ ಜೊತೆ ಇಲ್ವಲ್ಲೋ," ಎಂದ ಫೆರ್ಡಿ.

"ಇಲ್ಲ ಅಂತಾನೇ ನಂಗೆ ಬೇಕು ಕಣೋ. ನೀನಾದ್ರೆ ಮೂರು ಹೊತ್ತೂ ಅವರ ಮುಖ ನೋಡ್ತೀಯ."

ಪಟ್ಟಿ ನೋಡಿಕೊಳ್ಳುವ ಟ್ರೂಡೆ ಒಮ್ಮೆ ಅವನನ್ನೂ ಒಮ್ಮೆ ನನ್ನನ್ನೂ ನೋಡಿ ನನ್ನ ಹೆಸರು ಬರೆದಳು. ಟ್ರೂಡೆ ನನಗಿಂತ ಹತ್ತು ವರ್ಷ ದೊಡ್ಡವಳು, ಇಡೀ ಡಿಪೋಗೆ ಅಕ್ಕನ ಹಾಗೆ. ಅವಳು ಬರೆದ ಮೇಲೆ ಮುಗಿಯಿತು.

ನನ್ನ ಹೆಂಡತಿ ಬಿರ್ಗಿಟ್ ನನ್ನನ್ನು ಬಿಟ್ಟು ಎರಡು ವರ್ಷವಾಗಿತ್ತು. ಅದು ದೊಡ್ಡ ಕಥೆಯಲ್ಲ. ಮನೆಯಲ್ಲಿ ನಾನು ಮಾತಾಡುವುದಿಲ್ಲ ಎಂದಳು, ನಾನು ಅದಕ್ಕೂ ಮಾತಾಡಲಿಲ್ಲ. ಮೊದಲು ಇದೇ ಊರಿನಲ್ಲಿ ನದಿಯಾಚೆ ಬೇರೆ ಮನೆ ಮಾಡಿದ್ದಳು. ಕಳೆದ ಬೇಸಿಗೆಯಲ್ಲಿ ವಿಯೆನ್ನಾದಲ್ಲಿ ಒಳ್ಳೆಯ ಕೆಲಸ ಸಿಕ್ಕಿತು, ಮಗಳನ್ನು ಕರೆದುಕೊಂಡು ಹೋದಳು. ರೊಸಾಲಿಗೆ ಆಗ ಹನ್ನೆರಡು ತುಂಬಿತ್ತು. ಆಗಸ್ಟ್ ಕೊನೆಯಲ್ಲಿ ಅವಳನ್ನು ರೈಲು ಹತ್ತಿಸಿ ಬಂದವನು ಮತ್ತೆ ನೋಡಿರಲಿಲ್ಲ. ಕ್ರಿಸ್‌ಮಸ್ಸಿಗೆ ನನಗೆ ಪಾಳಿ ಬಿತ್ತು. ಮನೆಯಲ್ಲಿ ಯಾರೂ ಇಲ್ಲದವರಿಗೆ ಕ್ರಿಸ್‌ಮಸ್ ಪಾಳಿ ಕೊಡುವುದು ನಮ್ಮಲ್ಲಿ ನ್ಯಾಯವೆಂದೇ ಲೆಕ್ಕ. ಹಬ್ಬದ ಸಂಜೆ ಖಾಲಿ ಟ್ರಾಮಿನಲ್ಲಿ ಎಲ್ಲಾ ದೀಪ ಉರಿಸಿಕೊಂಡು ಬೆಟ್ಟ ಹತ್ತಿ ಇಳಿದೆ. ಆವತ್ತು ಒಂಟಿತನ ಎಂದರೇನು ಎಂದು ಯಾರಾದರೂ ಕೇಳಿದ್ದರೆ ಟಿಕೆಟ್ ಇಲ್ಲದೆ ಕೂರಿಸಿ ತೋರಿಸುತ್ತಿದ್ದೆ.

ಹಾಗಾಗಿ ಫೆಬ್ರವರಿಯ ಆ ವಾರವೇ ನನ್ನ ಚಳಿಗಾಲವಾಯಿತು. ಪಾಳಿ ಚೀಟಿಯ ಹಿಂಬದಿಯಲ್ಲಿ ಒಂದೊಂದು ದಿನಕ್ಕೂ ಒಂದೊಂದು ಬೆಟ್ಟ ಬರೆದೆ. ಸೋಮವಾರ ಪಾಚರ್‌ಕೋಫೆಲ್, ಕಾಲು ಪಳಗಲಿ ಎಂದು. ಮಂಗಳವಾರ ಮುಟರ್ಸ್ ಮೇಲಿನ ಇಳಿಜಾರು, ಅವಳು ನಾಲ್ಕನೇ ವಯಸ್ಸಿನಲ್ಲಿ ಬಿದ್ದು ಹಲ್ಲು ಮುರಿದುಕೊಂಡ ಜಾಗ. ಬುಧವಾರ, ಗುರುವಾರ ಮೇಲೆ ಒಂದು ವಸತಿಗೃಹದಲ್ಲಿ ಎರಡು ಹಾಸಿಗೆ. ಅದರ ಒಡತಿಗೆ ಮೂರು ಸಲ ಫೋನ್ ಮಾಡಿ, ಸಂಜೆ ಚೀಸ್ ಉಂಡೆಯ ಸಾರು ಇರುತ್ತದೆಯೇ ಎಂದು ಕೇಳಿದೆ. ಮೂರನೇ ಸಲ ಅವಳು, "ನೀವು ಬರೋವರೆಗೂ ಪಾತ್ರೆ ಒಲೆ ಮೇಲಿಂದ ಇಳಿಸಲ್ಲ, ಸಾಕಾ?" ಎಂದಳು.

ಅಕ್ಟೋಬರಿನ ವಿನಿಮಯ ಸಂತೆಯಲ್ಲೇ ಸ್ಕೀ, ಬೂಟು ತಂದಿಟ್ಟಿದ್ದೆ. ಮಕ್ಕಳಿಗೆ ಗಿಡ್ಡವಾದ ಸ್ಕೀ, ಬಿಗಿಯಾದ ಬೂಟು ಎಲ್ಲವನ್ನೂ ಶಾಲೆಯ ಆಟದ ಹಜಾರಕ್ಕೆ ತಂದು ಬದಲಿಸಿಕೊಳ್ಳುವ ಸಂತೆ ಅದು. ಉಳಿದ ಅಪ್ಪಂದಿರು ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿ ಗಲ್ಲದವರೆಗೆ ಅಳೆಯುತ್ತಿದ್ದರು. ನಾನು ನನ್ನ ಎದೆಯ ಮೇಲೆ ಕೈಯಿಟ್ಟು, ಇಲ್ಲಿಗೆ ಬರುತ್ತಾಳೆ, ಅಂದರೆ ಗಲ್ಲ ಇಲ್ಲಿ, ಎಂದು ಗಾಳಿಯಲ್ಲಿ ಅಳೆದೆ. ಜನವರಿಯಲ್ಲಿ ಅಡುಗೆಮನೆಯ ಮೇಜಿನ ಮೇಲೆ ಸ್ಕೀಯ ಅಂಚು ಮಸೆದು, ಚೆನ್ನಾಗಿ ಜಾರಲೆಂದು ಹಳೆಯ ಇಸ್ತ್ರಿಪೆಟ್ಟಿಗೆಯಿಂದ ಮೇಣ ಕರಗಿಸಿ ಹಚ್ಚಿದೆ. ಮನೆಯೆಲ್ಲಾ ಮೇಣದ ವಾಸನೆ. ಅದು ನನಗೆ ಇಷ್ಟವಾಯಿತು, ಮನೆಯಲ್ಲಿ ಇನ್ನೊಬ್ಬರು ಇದ್ದ ಹಾಗೆ ಅನ್ನಿಸಿತು.

ಪ್ರತಿ ಭಾನುವಾರ ಅವಳಿಗೆ ಫೋನ್ ಮಾಡುತ್ತಿದ್ದೆ. ಮೇಲೆ ಎಷ್ಟು ಹಿಮ ಬಿದ್ದಿದೆ, ಯಾವ ಇಳಿಜಾರು ತೆರೆದಿದೆ, ಎಲ್ಲಾ ಹೇಳುತ್ತಿದ್ದೆ. ಅವಳು "ಹೂಂ ಅಪ್ಪಾ" ಎನ್ನುತ್ತಿದ್ದಳು. ಮಗಳು ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ನನಗೆ ಹಿಗ್ಗೋ ಹಿಗ್ಗು.

ಜನವರಿ ಅರ್ಧ ಕಳೆದಿತ್ತು. ಮಧ್ಯಾಹ್ನ ಊಟದ ಕೋಣೆಯಲ್ಲಿ ಟ್ರೂಡೆ ಹೆಚ್ಚುವರಿ ಟ್ರಾಮುಗಳ ಪಟ್ಟಿ ಅಂಟಿಸುತ್ತಿದ್ದಳು. ಫೆಬ್ರವರಿ ಮೊದಲ ವಾರಕ್ಕೆ ಎಲ್ಲೆಲ್ಲೂ ಕೆಂಪು ಗೆರೆ.

"ಬಂತಪ್ಪಾ ವಿಯೆನ್ನಾದವರ ವಾರ," ಎಂದೆ ನಾನು ಸೂಪು ಕುಡಿಯುತ್ತಾ. "ಸ್ಕೀನ ಏಣಿ ಹೊತ್ತ ಹಾಗೆ ಹೊತ್ಕೊಂಡು ಬಾಗಿಲಲ್ಲಿ ಅಡ್ಡ ತಿರುಗ್ತಾರೆ. ಹಿಂದಿನವರ ಹಲ್ಲು ಉದುರಿದ ಮೇಲೆ 'ಕ್ಷಮಿಸಿ' ಅಂತಾರೆ."

ಎಲ್ಲರೂ ನಕ್ಕರು. ಇದು ನನ್ನ ಹಳೆಯ ವರಸೆ. ದೇಶದವರೆಲ್ಲಾ ಒಂದೇ ಸಲ ನುಗ್ಗಿದರೆ ಬೆಟ್ಟ ಸಾಲದು ಎಂದು ಶಾಲೆಗಳಿಗೆ ಸರತಿಯಲ್ಲಿ ರಜೆ ಕೊಡುತ್ತಾರೆ. ಮೊದಲ ವಾರ ವಿಯೆನ್ನಾದ ಮಕ್ಕಳಿಗೆ, ಅದರ ಮುಂದಿನ ವಾರ ನಮ್ಮ ಟಿರೋಲ್ ಪ್ರಾಂತ್ಯದ ಮಕ್ಕಳಿಗೆ. ಇಪ್ಪತ್ತೆರಡು ವರ್ಷ ಆ ಮೊದಲ ವಾರವನ್ನು ನಾನು ಬಾಯಿತುಂಬಾ ಬೈದಿದ್ದೇನೆ.

ಟ್ರೂಡೆ ಮಾತ್ರ ನಗಲಿಲ್ಲ. ಪಟ್ಟಿಯಿಂದ ತಿರುಗಿ ನನ್ನನ್ನು ನೋಡಿದಳು.

"ರೊಮೆಡ್, ನಿನ್ನ ಮಗಳಿಗೂ ಆವಾಗಲೇ ಅಲ್ವೇನೋ ರಜೆ? ನೀನ್ಯಾಕೆ ಮುಂದಿನ ವಾರ ಬರೆಸಿದೀಯ?"

ಚಮಚ ಬಾಯಿಯ ಹತ್ತಿರವೇ ನಿಂತಿತು. ಶಾಲೆಗೆ ಸೇರಿದಾಗಿನಿಂದ ಅವಳ ರಜೆ ಎರಡನೇ ವಾರವೇ ಬಂದಿತ್ತು. ಈಗ ಅವಳು ವಿಯೆನ್ನಾದ ಮಗು ಎಂಬುದು ನನ್ನ ತಲೆಗೆ ಬಂದಿರಲೇ ಇಲ್ಲ. ಅಲ್ಲ, ಅದು ಬಂದು ಬಾಗಿಲು ತಟ್ಟಿರಬೇಕು, ನಾನೇ ತೆರೆದಿರಲಿಲ್ಲ.

ಆಗ ಫೆರ್ಡಿ ದೊಡ್ಡ ಮನಸ್ಸು ಮಾಡಿದ. "ಅಷ್ಟೇ ತಾನೇ ಮಾರಾಯ? ಮೊದಲನೇ ವಾರ ನಂಗೆ ರಜೆ ಹಾಕಿದಾರೆ. ಹೆಂಡ್ತಿ ಕೈಗೆ ಸಿಕ್ಕಿ ಗೋಡೆಗೆ ಸುಣ್ಣ ಬಳೀಬೇಕಿತ್ತು. ಅದನ್ನ ನೀನು ತಗೋ, ನಿನ್ನದು ನಂಗೆ ಕೊಡು. ನನ್ನ ಮೂರು ಕೋತಿಗಳೂ ಬದುಕ್ಕೊಳ್ತವೆ."

ನಾನು ಅವನನ್ನು ತಬ್ಬಿಕೊಂಡೆ. ನಮ್ಮ ಡಿಪೋದಲ್ಲಿ ಯಾರೂ ಯಾರನ್ನೂ ತಬ್ಬಿಕೊಳ್ಳುವುದಿಲ್ಲ. ಟ್ರೂಡೆ, "ಸಾಕು ಬಿಡ್ರೋ, ಸೂಪು ಚೆಲ್ಲುತ್ತೆ," ಎಂದಳು.

ಭಾನುವಾರದವರೆಗೆ ಕಾಯಲಾಗಲಿಲ್ಲ. ಅಂದೇ ಸಂಜೆ ಫೋನ್ ಮಾಡಿದೆ.

"ರೊಸಾಲಿ, ನಿಮ್ಮಪ್ಪ ಎಂಥಾ ಕತ್ತೆ ಗೊತ್ತೇನೆ? ನಿನ್ನ ರಜೆ ಮೊದಲನೇ ವಾರ ಅಲ್ವಾ! ನಾನು ಎರಡನೇದು ಅಂದ್ಕೊಂಡು ಕೂತಿದ್ದೆ. ಈಗ ಎಲ್ಲಾ ಸರಿ ಮಾಡ್ದೆ. ಫೆರ್ಡಿ ಮಾಮ ಬದಲಾಯಿಸ್ಕೊಂಡ. ವಸತಿಗೃಹಕ್ಕೆ ನಾಳೆ ಹೇಳ್ತೀನಿ."

ಪಾಳಿ ಚೀಟಿ ತೆಗೆದು ತಾರೀಖು ತಿದ್ದತೊಡಗಿದೆ.

"ಕೇಳಿಸ್ತಾ ಮಗಳೇ?"

"ಅಪ್ಪಾ, ನಾನು ಪೌಲಾ ಮನೆಯವರ ಜೊತೆ ಬರ್ತೀನಿ ಅಂತ ಹೇಳ್ಬಿಟ್ಟಿದೀನಿ. ಆ ವಾರ."

"ಯಾರು ಪೌಲಾ?"

"ನನ್ನ ಪಕ್ಕ ಕೂತ್ಕೊಳ್ಳೋಳು. ಎಷ್ಟೋ ಸಲ ಹೇಳಿದೀನಿ."

"ಯಾವಾಗ ಒಪ್ಕೊಂಡೆ?"

"ಕ್ರಿಸ್‌ಮಸ್ ಆದ್ಮೇಲೆ."

"ಅಂದ್ರೆ ರಜೆ ಬೇರೆ ವಾರ ಅಂತ ನಿಂಗೆ..."

"ಮೊದಲಿಂದ್ಲೂ ಗೊತ್ತಿತ್ತು."

"ಹೇಳೋದಲ್ವೇನೆ!" ನನ್ನ ದನಿ ಏರಿತು. ಅದು ನನ್ನ ಕೆಟ್ಟ ಚಾಳಿ, ತಪ್ಪು ನನ್ನದಾದರೆ ದನಿ ಇನ್ನೂ ಜೋರು.

"ನೀನು ಕೇಳ್ತೀಯ ಅಂತ ಕಾದೆ ಅಪ್ಪಾ. ಪ್ರತಿ ಭಾನುವಾರ ಕಾದೆ. ನೀನು ಬರೀ ಹಿಮ ಎಷ್ಟಿದೆ ಅಂತ ಹೇಳ್ತಿದ್ದೆ. ನನ್ನ ಸ್ಕೂಲ್ ಹೆಸರೇನು ಅಂತ ನಿಂಗೆ ಗೊತ್ತಾ?"

ಗೊತ್ತಿರಲಿಲ್ಲ. ಯಾಕೆ ಕೇಳಿರಲಿಲ್ಲ ಎಂದು ಅವಳಿಗೆ ಹೇಳಲು ಬಾಯಿ ಬರಲಿಲ್ಲ, ಇಲ್ಲಿ ಹೇಳುತ್ತೇನೆ. ಕೇಳಿದ್ದರೆ ಅವಳು ಉತ್ತರ ಕೊಡುತ್ತಿದ್ದಳು. ಉತ್ತರ ಕೊಟ್ಟರೆ ಅವಳು ಅಲ್ಲಿಯವಳೇ ಆಗಿಬಿಡುತ್ತಿದ್ದಳು. ನದಿಯಾಚೆ ಎಲ್ಲೋ ಇದ್ದಾಳೆ, ಫೆಬ್ರವರಿಯಲ್ಲಿ ಬರುತ್ತಾಳೆ ಎಂದುಕೊಂಡಿದ್ದರೆ ನನಗೆ ಊಟ ಸೇರುತ್ತಿತ್ತು.

"ಕೇಳ್ಬೇಕಿತ್ತು," ಎಂದೆ.

"ಬೂಟು ಬೇರೆ ಮೂವತ್ತೇಳನೇ ನಂಬರ್ ತಂದಿದೀನಿ ಅಂದೆ. ನಂಗೀಗ ಮೂವತ್ತೊಂಬತ್ತು. ಬೇಜಾರಾ ಅಪ್ಪಾ?"

"ಇಲ್ಲಪ್ಪಾ. ಎಲ್ಲಿಗೆ ಹೋಗ್ತಿದೀರಿ?"

"ಫುಲ್ಪ್‌ಮೆಸ್‌ಗೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂಬತ್ತು ವರ್ಷದಿಂದ ನಾನು ಓಡಿಸುವ ಟ್ರಾಮು ರೈಲು ನಿಲ್ದಾಣದ ಎದುರು ಹೊರಟು, ಮುಟರ್ಸ್ ಹತ್ತಿ, ಟೆಲ್ಫೆಸ್ ದಾಟಿ, ಒಂದು ಗಂಟೆಯಲ್ಲಿ ಹೋಗಿ ನಿಲ್ಲುವುದು ಫುಲ್ಪ್‌ಮೆಸ್‌ನಲ್ಲೇ.

"ಪೌಲಾ ಅಪ್ಪ ಟ್ಯಾಕ್ಸಿ ಮಾಡೋಣ ಅಂದ್ರು. ನಾನೇ ಟ್ರಾಮ್‌ನಲ್ಲಿ ಹೋಗೋಣ ಅಂತ ಹಟ ಮಾಡ್ದೆ. ಶನಿವಾರ ಮಧ್ಯಾಹ್ನ ಬರ್ತೀವಿ."

"ಮಧ್ಯೆ ಒಂದು ದಿನ ಮನೆಗೆ ಬರ್ತೀಯಾ?"

"ಅವರು ಇಡೀ ವಾರ ಏನೇನು ಅಂತ ಬರೆದಿಟ್ಟಿದಾರೆ ಅಪ್ಪಾ. ನೋಡ್ತೀನಿ."

'ನೋಡ್ತೀನಿ' ಎಂದರೇನು ಎಂದು ನನಗೆ ಗೊತ್ತು. ಬಿರ್ಗಿಟ್‌ಗೆ ಹನ್ನೊಂದು ವರ್ಷ ಅದನ್ನೇ ಹೇಳಿದ್ದೇನೆ.

ಮರುದಿನ ಟ್ರೂಡೆಯ ಮೇಜಿನ ಮುಂದೆ ನಿಂತೆ. ಎರಡನೇ ವಾರದ ರಜೆ ಫೆರ್ಡಿಗೆ ಕೊಟ್ಟುಬಿಡು, ಅವನದೂ ಅವನಿಗೇ ಇರಲಿ, ನಾನು ಎರಡೂ ವಾರ ಓಡಿಸುತ್ತೇನೆ ಎಂದೆ. ಶನಿವಾರ ಮಧ್ಯಾಹ್ನದ ಫುಲ್ಪ್‌ಮೆಸ್ ಟ್ರಾಮು ಮಾತ್ರ ನನಗೇ ಬೇಕು.

"ವಿಯೆನ್ನಾದವರ ವಾರ ನೀನಾಗೇ ಕೇಳ್ತಿದೀಯ?" ಎಂದಳು. ನನ್ನ ಮುಖ ನೋಡಿ ಬರೆದುಕೊಂಡಳು.

ನನ್ನ ಯೋಜನೆ ಈಗ ಏಳು ದಿನದಿಂದ ಒಂದು ಗಂಟೆಗೆ ಇಳಿದಿತ್ತು. ಅದರಲ್ಲೂ ಓಡಿಸುವಾಗ ಮಾತಾಡುವ ಹಾಗಿಲ್ಲ, ಗಾಜಿನ ಬಾಗಿಲು ಹಾಕಿರಬೇಕು. ಕೊನೆಯ ನಿಲ್ದಾಣದಲ್ಲಿ ಆರು ನಿಮಿಷ ಬಿಡುವು. ಪಾಳಿ ಚೀಟಿಯ ಹಿಂದೆ ಆರು ನಿಮಿಷಕ್ಕೆ ಆಗುವಷ್ಟು ಪ್ರಶ್ನೆ ಬರೆದೆ. ಶಾಲೆಯ ಹೆಸರು. ಇಷ್ಟದ ಮೇಷ್ಟ್ರು. ಮನೆಯಿಂದ ಹೇಗೆ ಹೋಗುತ್ತಾಳೆ. ಕಿಟಕಿಯಿಂದ ಏನು ಕಾಣುತ್ತದೆ. ರಾತ್ರಿ ನಿದ್ದೆ ಬರುತ್ತದೆಯೇ.

ಶನಿವಾರ ಅವರು ಬಂದರು. ಜನಜಂಗುಳಿಯಲ್ಲಿ ನಾನು ನನ್ನ ಎದೆಯೆತ್ತರಕ್ಕೆ ಹುಡುಕುತ್ತಿದ್ದೆ, ಅವಳು ನನ್ನ ಮೂಗಿನ ಮಟ್ಟದಲ್ಲಿ ಬಂದು ನಿಂತಳು. "ಅಪ್ಪಾ" ಎಂದು ಕುತ್ತಿಗೆಗೆ ಬಿದ್ದಳು. ಹೊರಡಲು ಒಂದೂವರೆ ನಿಮಿಷವಿತ್ತು.

"ಇವರು ನಮ್ಮಪ್ಪ," ಎಂದಳು ತನ್ನವರಿಗೆ. ಪೌಲಾ ಕೆಂಪು ಕೂದಲ ಹುಡುಗಿ, ಜೊತೆಗೆ ಒಬ್ಬ ಪುಟ್ಟ ತಮ್ಮ, ತಾಯಿ, ತಂದೆ. ತಂದೆಯನ್ನು, ಪೆಟ್ಟಿಗೆಯ ಮೇಲಿನ ಚೀಟಿ ನೋಡಿ, ಹೆಸರಿನ ಬದಲು ಹುದ್ದೆ ಹಿಡಿದು ಕರೆಯುವ ವಿಯೆನ್ನಾದವರ ರಿವಾಜಿನಂತೆ ಇಂಜಿನಿಯರ್ ಸಾಹೇಬರೇ ಎಂದು ಕರೆದೆ, ಸ್ವಲ್ಪ ಕುಟುಕಲೆಂದೇ. ಆತ ನನ್ನ ಕೈ ಹಿಡಿದು ಕುಲುಕಿದ.

"ಅಯ್ಯೋ, ಅದೆಲ್ಲಾ ಆಫೀಸಲ್ಲಿ. ನಿಮ್ಮ ಮಗಳು ದಾರಿಯುದ್ದಕ್ಕೂ ನಿಮ್ಮ ಟ್ರಾಮ್ ವಿಷ್ಯಾನೇ ಹೇಳಿದ್ಲು. ನೀವೇ ಓಡಿಸ್ತೀರಿ ಅಂದ್ಮೇಲೆ ನಂಗೆ ಧೈರ್ಯ ಬಂತು."

ಸ್ಕೀಗಳನ್ನು ಎದೆಗವಚಿಕೊಂಡು, ಯಾರಿಗೂ ತಾಗದಂತೆ ಹತ್ತಿದ. ಒಳ್ಳೆಯ ಮನುಷ್ಯ. ಬೈಗುಳ ಸಿದ್ಧ ಮಾಡಿಕೊಂಡು ಬಂದವನಿಗೆ ಅದಕ್ಕಿಂತ ದೊಡ್ಡ ತೊಂದರೆ ಇಲ್ಲ.

ರೊಸಾಲಿ ಇಡೀ ಗಂಟೆ ಗಾಜಿನ ಬಾಗಿಲಿಗೆ ಭುಜ ಆನಿಸಿ ನಿಂತಿದ್ದಳು. ಕನ್ನಡಿಯಲ್ಲಿ ಅವಳ ಟೋಪಿಯೂ ಅರ್ಧ ಕೆನ್ನೆಯೂ ಕಾಣುತ್ತಿತ್ತು. ನಾನು ತಿರುವುಗಳಲ್ಲಿ ಎಂದಿಗಿಂತ ಮೆಲ್ಲಗೆ ಓಡಿಸಿದೆ. ಪೌಲಾಗೆ ಅವಳು ಏನೇನೋ ತೋರಿಸುತ್ತಿದ್ದಳು, ಒಂದೊಂದು ಮಾತು ಗಾಜು ದಾಟಿ ಬರುತ್ತಿತ್ತು. "ಅಲ್ನೋಡು, ಆ ಚರ್ಚ್ ಹಿಂದೆ. ಅದು ನಾನು ಮೊದಲು ಇದ್ದ ಮನೆ." ಆ ಮನೆಯಲ್ಲಿ ನಾನು ಈಗಲೂ ಇದ್ದೇನೆ. ಮುಟರ್ಸ್ ದಾಟಿದ ಮೇಲೆ ಹಿಮ ಬೀಳತೊಡಗಿತು. ಜನರೆಲ್ಲಾ ಕಿಟಕಿಗೆ ಅಂಟಿಕೊಂಡರು, ಅವಳು ಮಾತ್ರ ನನ್ನ ಬೆನ್ನ ಹಿಂದೆಯೇ ನಿಂತಳು.

ಫುಲ್ಪ್‌ಮೆಸ್ ತಲುಪಿದಾಗ ಸಾಮಾನು ಇಳಿಸುವುದರಲ್ಲೇ ಮೂರು ನಿಮಿಷ ಹೋಯಿತು. ಅವಳನ್ನು ಪಕ್ಕಕ್ಕೆ ಕರೆದೆ. ಚೀಟಿ ಜೇಬಿನಲ್ಲಿತ್ತು, ತೆಗೆಯಲಿಲ್ಲ.

"ನಿನ್ನ ಸ್ಕೂಲ್ ಹೆಸರೇನು?"

ಅವಳು ನನ್ನನ್ನೇ ನೋಡಿದಳು. ಆಮೇಲೆ ನಕ್ಕಳು, ಆಮೇಲೆ ಹೇಳಿದಳು. ಆ ಹೆಸರು ಹೇಳಿದ ಕೂಡಲೇ ಅಣೆಕಟ್ಟು ಒಡೆಯಿತು. ಭೂಗೋಳದ ಮೇಷ್ಟ್ರು ಎರಡು ಕೈಗೂ ಗಡಿಯಾರ ಕಟ್ಟುತ್ತಾರಂತೆ. ಅವಳ ಮಾತಿನ ಧಾಟಿ ಕೇಳಿ ಮೊದಲ ತಿಂಗಳು ಎಲ್ಲರೂ ಅಣಕಿಸಿದರಂತೆ. ಪೌಲಾ ಒಬ್ಬಳೇ ಅಣಕಿಸಲಿಲ್ಲವಂತೆ. "ಆವಾಗ ದಿನಾ ಅಳ್ತಿದ್ದೆ ಅಪ್ಪಾ," ಎಂದಳು, ನಿನ್ನೆ ಮಳೆ ಬಂತು ಎನ್ನುವಷ್ಟು ಸಲೀಸಾಗಿ. "ಆಮೇಲೆ ಒಂದಿನ..."

"ಒಂದು, ಎರಡು," ಎಂದು ಆಚೆ ಪೌಲಾಳ ತಂದೆ ಮಕ್ಕಳನ್ನು ಎಣಿಸುತ್ತಿದ್ದ. ಹೋಟೆಲಿನ ವ್ಯಾನು ಬಂದು ನಿಂತಿತ್ತು. "ಮೂರನೆಯವಳೆಲ್ಲಿ?"

"ಇಲ್ಲಿದೀನಿ!" ಎಂದು ರೊಸಾಲಿ ಕೂಗಿದಳು. ನನ್ನ ಕೆನ್ನೆಗೆ ತಣ್ಣನೆಯ ಮೂಗು ತಾಗಿಸಿ, "ಭಾನುವಾರ ಫೋನ್ ಮಾಡು, ಉಳಿದಿದ್ದು ಹೇಳ್ತೀನಿ," ಎಂದು ಓಡಿದಳು.

ಆತ ಅವಳ ಟೋಪಿಯ ಮೇಲೆ ಕೈಯಿಟ್ಟ. "ಮೂರು. ಎಲ್ಲರೂ ಇದೀವಿ, ನಡೀರಿ."

ಅವನ ಎಣಿಕೆ ಸರಿಯಾಗಿಯೇ ಇತ್ತು. ನಮ್ಮ ಟ್ರಾಮಿಗೆ ಎರಡು ತುದಿಯಲ್ಲೂ ಚಾಲಕನ ಜಾಗವಿದೆ, ವಾಪಸು ಬರುವಾಗ ತಿರುಗಿಸಬೇಕಾಗಿಲ್ಲ. ನಾನು ಖಾಲಿ ಸೀಟುಗಳ ನಡುವೆ ನಡೆದು ಇನ್ನೊಂದು ತುದಿಗೆ ಹೋಗಿ ಕೂತೆ. ಹೊರಡಲು ಇನ್ನೂ ಒಂದು ನಿಮಿಷವಿತ್ತು.