ಉಷಾರಾಣಿಯ ಕೈಗುಣ

ಉಷಾರಾಣಿ ಇಟ್ಟ ಬೇಳೆ ಬೇಯುವುದಿಲ್ಲ ಎಂಬ ಮಾತು ಹುಣಸೂರಿನಿಂದ ಹೊರಟು, ಪಿರಿಯಾಪಟ್ಟಣ ಸರಗೂರು ಸುತ್ತಿ, ನೆಂಟರಿಷ್ಟರ ಬಾಯಲ್ಲೆಲ್ಲ ಓಡಾಡಿ, ಕೊನೆಗೆ ಅವಳ ತವರು ಮಿರ್ಲೆಗೂ ಹೋಗಿ ಮುಟ್ಟಿತ್ತು. ಅವಳ ತಾಯಿ ಅದನ್ನು ಕೇಳಿ ಊಟ ಬಿಟ್ಟು ಮಲಗಿದ್ದಳಂತೆ. ಮಲಗದೆ ಏನು ಮಾಡಿಯಾಳು? ಮಿರ್ಲೆಯಲ್ಲಿದ್ದಾಗ ಇದೇ ಹುಡುಗಿ ಮಾಡಿದ ಸಾರಿಗೆ ಬೀದಿಗೆ ಬೀದಿಯೇ ಬಾಯಿ ಚಪ್ಪರಿಸುತ್ತಿತ್ತು.

ಮಾತು ಹುಟ್ಟಿಸಿದವರು ಹೊರಗಿನವರಲ್ಲ, ಅತ್ತೆ ಶಿವರುದ್ರಮ್ಮನವರೇ. ಮನೆಗೆ ಯಾರೇ ಬರಲಿ, ತಟ್ಟೆಯಲ್ಲಿ ಕಾಳುಕಾಳಾಗಿ ನಿಂತ ಬೇಳೆಯನ್ನು ಬೆರಳಲ್ಲಿ ಒತ್ತಿ ತೋರಿಸುವರು. "ಎಲ್ಲಾ ಕೈಗುಣ ಕಣವ್ವ. ಕೆಲವರ ಕೈಯೇ ಅಂಗೆ," ಎನ್ನುವರು. ಬಂದವರು ಅಯ್ಯೋ ಪಾಪ ಎಂಬಂತೆ ಉಷಾರಾಣಿಯ ಕೈಯನ್ನು ನೋಡುವರು. ನೋಡಿಸಿಕೊಂಡು ನಿಲ್ಲುವುದೆಂದರೆ ಏನೆಂದು ನಿಂತವರಿಗೇ ಗೊತ್ತು.

ಗೂಬೆ ಕೂರಿಸಬೇಕಾಗಿದ್ದದ್ದು ನೀರಿನ ಮೇಲೆ. ಆ ಬಡಾವಣೆಯ ನಲ್ಲಿಯಲ್ಲಿ ಬರುವುದು ಬೋರಿನ ಗಡಸು ನೀರು. ಸೋಪು ಹಚ್ಚಿದರೆ ನೊರೆ ಬಾರದು, ಬಿಳಿ ಪಂಚೆ ಒಗೆದರೆ ಮಾಸಲು. ಬಕೆಟ್ಟಿನ ಸುತ್ತ ಬಿಳಿ ಪಟ್ಟೆ, ನೀರು ಕಾಯಿಸುವ ಹಂಡೆಯ ಒಳಗೆ ಸುಣ್ಣ ಬಳಿದಷ್ಟು ದಪ್ಪದ ಹಕ್ಕಳೆ. ಗೀಸರಿನ ಕಾಯಿಲ್ ವರ್ಷಕ್ಕೊಂದು ಹಾಳಾಗುತ್ತಿತ್ತು. ಮದುವೆಯಲ್ಲಿ ಮುಷ್ಟಿ ಗಾತ್ರವಿದ್ದ ಉಷಾರಾಣಿಯ ಜಡೆ ಈಗ ಹೆಬ್ಬೆರಳಿನ ಗಾತ್ರಕ್ಕೆ ಇಳಿದಿತ್ತು. ಕುಕ್ಕರ್ ಎಷ್ಟೇ ಸಲ ಕೂಗಲಿ, ಬೇಳೆ ಮಾತ್ರ ಹಾಕಿದ ಹಾಗೇ ಕೂತಿರುತ್ತಿತ್ತು.

ಆದರೆ ಆ ಮನೆಯಲ್ಲಿ ನೀರಿನ ಬಗ್ಗೆ ಯಾರೂ ತುಟಿ ಪಿಟಕ್ಕೆನ್ನುವಂತಿರಲಿಲ್ಲ. ಮಾವ ಷಣ್ಮುಖಪ್ಪನವರು ಹೊಗೆಸೊಪ್ಪಿನ ವ್ಯಾಪಾರದಲ್ಲಿ ಹೆಸರು ಮಾಡಿದವರು. ಹಳೇ ಬೀದಿಯಲ್ಲಿ ಹೊಳೆ ನೀರು ಬರುತ್ತಿದ್ದ ಮನೆಯನ್ನು ಮಾರಿ, ಬೇಡ ಎಂದವರ ಬಾಯೆಲ್ಲ ಮುಚ್ಚಿಸಿ, ಈ ಸೈಟು ಹಿಡಿದು ಮನೆ ಎಬ್ಬಿಸಿದರು. ಗೃಹಪ್ರವೇಶ ಆದ ತಿಂಗಳೇ ಮಗ ಬಸವಪ್ರಸಾದನ ಮದುವೆ. ಹೊಸ ಮನೆಯೂ ಹೊಸ ಸೊಸೆಯೂ ಒಟ್ಟಿಗೆ ಬಂದವು ನೋಡಿ, ಆಮೇಲೆ ಒಳ್ಳೆಯದಾದದ್ದೆಲ್ಲ ಮನೆಯ ಪಾಲಿಗೆ ಹೋಯಿತು, ಕೆಟ್ಟದ್ದೆಲ್ಲ ಸೊಸೆಯ ಪಾಲಿಗೆ ಬಂತು. ಶಿವರುದ್ರಮ್ಮನವರು ಮೊದಲ ದಿನವೇ ಸೊಸೆಯ ಕೈಗೆ ಸೌಟು ಕೊಟ್ಟು, "ಇನ್ನು ನಾನು ಒಲೆ ಮುಂದೆ ನಿಲ್ಲಾಕಿಲ್ಲ," ಎಂದವರು ನಿಲ್ಲಲೂ ಇಲ್ಲ. ಹೀಗಾಗಿ ಈ ನೀರಿನಲ್ಲಿ ಅವರು ಬೇಳೆ ಬೇಯಿಸಿದ್ದೇ ಇಲ್ಲ.

ಅಕ್ಕಪಕ್ಕದವರು ಕ್ಯಾನ್ ನೀರಿನಲ್ಲೇ ಅಡುಗೆ ಮಾಡಿಕೊಳ್ಳುತ್ತಿದ್ದರು. ಇವಳೂ ಒಮ್ಮೆ ಕೇಳಿದ್ದಳು. "ಕುಡಿಯಾಕೆ ಸರಿ. ದುಡ್ಡು ಕೊಟ್ಟು ತಂದ ನೀರಲ್ಲಿ ಮಾಡಿದ ಅಡುಗೆ ಎಡೆಗೆ ಆಗಾಕಿಲ್ಲ," ಎಂದು ಅತ್ತೆ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಗಂಡನಿಗೆ ಹೇಳಿದರೆ, "ಅವ್ವನ ತಾವ ಯಾಕೆ ಮಾತು, ಬುಡು," ಎಂದು ಸ್ಕೂಟರ್ ಹತ್ತಿದ.

ಸರಗೂರಿನಲ್ಲಿ ನೆಂಟರ ಮದುವೆಗೆ ಹೋದಾಗ ಹೆಂಗಸರೆಲ್ಲ ಅಡುಗೆ ಮನೆಗೆ ನುಗ್ಗಿದರೆ ಇವಳನ್ನು ಮಾತ್ರ, "ನೀನು ಎಲೆ ಅಡಿಕೆ ಜೋಡಿಸು ಬಾರವ್ವ," ಎಂದು ನಗುತ್ತ ಹೊರಗೆ ಕೂರಿಸಿದರು. ಅವತ್ತಿನಿಂದ ಉಷಾರಾಣಿಗೆ ಒಡವೆ ಬೇಡ, ಸೀರೆ ಬೇಡ. ತಪ್ಪು ನಿನ್ನ ಕೈಯದಲ್ಲ, ನೀರಿನದು ಎಂದು ನಾಲ್ಕು ಜನರ ಮುಂದೆ ಅತ್ತೆ ಒಂದು ಸಲ ಹೇಳಿದರೆ ಸಾಕಾಗಿತ್ತು.

ಈ ಸಲದ ಮಹಾಲಯ ಅಮಾವಾಸ್ಯೆಗೆ ಹಿರಿಯರ ಎಡೆ ಇಡಬೇಕು. ತೀರಿಕೊಂಡ ಮಾವನವರಿಗೆ ಬೇಳೆ ಒಬ್ಬಟ್ಟೆಂದರೆ ಪ್ರಾಣವಾಗಿತ್ತು. ಹೋದ ವರ್ಷ ಬೇಯದ ಬೇಳೆಯ ಹೂರಣ ತರಿತರಿಯಾಗಿ, ಒಬ್ಬಟ್ಟೆಲ್ಲ ಹೆಂಚಿನ ಮೇಲೆ ಹರಿದುಹೋಗಿತ್ತು. ನಾದಿನಿ ಗೌರಾಂಬ ಪಿರಿಯಾಪಟ್ಟಣದಿಂದ ಗಂಡ ಮಕ್ಕಳೊಡನೆ ಬರುವವಳಿದ್ದಳು. ಬೆಳಿಗ್ಗೆ ಎದ್ದವರೇ ಶಿವರುದ್ರಮ್ಮನವರು ಸೆರಗು ಸಿಕ್ಕಿಸಿಕೊಂಡರು.

"ಇವತ್ತು ಬೇಳೆ ನಾನೇ ಇಡ್ತೀನಿ. ನೀನು ಒಲೆ ತಾವ ಸುಳೀಬ್ಯಾಡ."

ಉಷಾರಾಣಿ ಕೈಲಿದ್ದ ಸೌಟನ್ನು ಅಲ್ಲೇ ಇಟ್ಟಳು. ದೇವರು ಕೊನೆಗೂ ಕಣ್ಣು ಬಿಟ್ಟ ಎಂದುಕೊಂಡಳು. ಇಡಲಿ, ಅವರೂ ಒಂದು ಸಲ ಇದೇ ನೀರಲ್ಲಿ ಇಟ್ಟು ನೋಡಲಿ. ಹಿತ್ತಲಿಗೆ ಹೋಗಿ, ಹುಣಸೆಹಣ್ಣು ಹಚ್ಚಿ ಹಂಡೆಯ ಹಕ್ಕಳೆ ತಿಕ್ಕುತ್ತ ಕೂತಳು. ಒಳಗೆ ಕುಕ್ಕರ್ ಕೂಗಿದಾಗಲೆಲ್ಲ ಕೈ ನಿಲ್ಲುತ್ತಿತ್ತು.

ಕುಕ್ಕರ್ ಬೇಗನೇ ಸುಮ್ಮನಾಯಿತು. ಆಮೇಲೆ ರುಬ್ಬುವ ಸದ್ದು ಕೇಳಿತು. ಎಡೆ ಇಟ್ಟು, ಮಾವನವರ ಫೋಟೋಗೆ ವಿಭೂತಿ ಹಚ್ಚಿ ಪೂಜೆ ಮುಗಿಸಿ ಎಲೆ ಹಾಕಿದರೆ, ಒಬ್ಬಟ್ಟು ಹೂವಿನಷ್ಟು ಮೃದು. ಅದರ ಕಟ್ಟಿನ ಸಾರು ಬೀದಿಗೆಲ್ಲ ಘಮಘಮ.

"ನೋಡಿದ್ರಾ ಅತ್ತಿಗೆ? ಇದೇ ಮನೆ, ಇದೇ ಒಲೆ. ಅವ್ವ ಇರೋ ಗಂಟ ಕಲ್ತ್ಕಳಿ," ಎಂದಳು ಗೌರಾಂಬ. ಬಸವಪ್ರಸಾದ ಇನ್ನೊಂದು ಒಬ್ಬಟ್ಟಿಗೆ ಕೈ ಚಾಚಿದ, ಹೆಂಡತಿಯ ಮುಖ ನೋಡಲಿಲ್ಲ.

ಉಷಾರಾಣಿ ಬಡಿಸುತ್ತಿದ್ದಳು. ಹಾಗಾದರೆ ನಿಜವೇ? ಇಷ್ಟು ವರ್ಷವೂ ಅವರು ಹೇಳಿದ್ದೇ ನಿಜವೇ? ತನ್ನ ಕೈಯಲ್ಲೇ ಏನೋ ಇದೆಯೇ? ಅಂಗೈ ತಿರುಗಿಸಿ ನೋಡಿಕೊಂಡಳು. ಅತ್ತೆಯ ಯಾವ ಮಾತೂ ಅವಳನ್ನು ಅಷ್ಟು ಕುಗ್ಗಿಸಿರಲಿಲ್ಲ. ತವರಿನಲ್ಲಿ ಮಾಡಿದ ಸಾರನ್ನೂ ಯಾರೋ ಕರುಣೆಗೆ ಹೊಗಳಿದ್ದಿರಬೇಕು ಎಂದು ಅನ್ನಿಸಿಬಿಟ್ಟಿತು ಆ ಹೆಣ್ಣಿಗೆ.

ಆಗ ಗೌರಾಂಬನ ಮಗಳು ನೀರು ಕೇಳಿತು. ಉಷಾರಾಣಿ ಲೋಟ ಹಿಡಿದು, ಅಡುಗೆ ಮನೆಯ ಬಾಗಿಲ ಪಕ್ಕ ಸ್ಟ್ಯಾಂಡಿನ ಮೇಲಿದ್ದ ಕ್ಯಾನಿನ ನಲ್ಲಿ ತಿರುಗಿಸಿದಳು. ಎರಡು ತೊಟ್ಟು ಬಿತ್ತು. ಕ್ಯಾನು ಅಲ್ಲಾಡಿಸಿದಳು, ಖಾಲಿ. ನಿನ್ನೆ ಸಂಜೆ ಗಂಡ ತುಂಬಿಸಿ ತಂದಿಟ್ಟ ಕ್ಯಾನು. ಬೆಳಗಿನಿಂದ ಕೆಲಸದ ಗಡಿಬಿಡಿಯಲ್ಲಿ ಮನೆಯವರು ಗಂಟಲು ಒದ್ದೆ ಮಾಡಿಕೊಂಡದ್ದೇ ಹೆಚ್ಚು. ಬಂದವರು ಇನ್ನೂ ಈಗ ಎಲೆ ಮುಂದೆ ಕೂತಿದ್ದಾರೆ.

ಅವಳು ತಿರುಗಿ ನೋಡಿದಳು. ಶಿವರುದ್ರಮ್ಮನವರು ಅವಳನ್ನೇ ನೋಡುತ್ತಿದ್ದವರು ತಟ್ಟನೆ ಎಲೆಯ ಕಡೆ ತಲೆ ತಗ್ಗಿಸಿದರು.

ಊಟವಾಗಿ, ಬಂದವರು ನಡುಮನೆಯಲ್ಲಿ ಒರಗಿದ ಮೇಲೆ ಉಷಾರಾಣಿ ಅಡುಗೆ ಮನೆಯ ಬಾಗಿಲು ಓರೆ ಮಾಡಿದಳು.

"ಕ್ಯಾನ್ ನೀರಲ್ಲಿ ಬೇಳೆ ಇಟ್ರಾ ಅತ್ತೆ?"

ಶಿವರುದ್ರಮ್ಮನವರು ಮಿಕ್ಕ ಒಬ್ಬಟ್ಟನ್ನು ಡಬ್ಬಿಗೆ ಜೋಡಿಸುತ್ತಿದ್ದರು. "ಊಂ."

"ಹಂಗಾದ್ರೆ ನೀರಿಂದು ಅಂತ ನಿಮಗೆ ಗೊತ್ತಿತ್ತು."

"ಗೊತ್ತಿಲ್ದೆ ಏನು? ನೀನು ಬಂದ ವರ್ಷವೇ ಗೊತ್ತಿತ್ತು."

"ಗೊತ್ತಿದ್ದೂ ನನ್ನ ಕೈ ಅಂದ್ರಿ."

ಮುದುಕಿ ಡಬ್ಬಿಯ ಮುಚ್ಚಳ ಒತ್ತಿದರು. ಅವರ ದನಿಯಲ್ಲಿ ನಾಚಿಕೆಯೂ ಇರಲಿಲ್ಲ, ಕೋಪವೂ ಇರಲಿಲ್ಲ. "ಈ ಸೈಟು ಬ್ಯಾಡ ಅಂತ ಎಲ್ರೂ ಹೇಳಿದ್ರು ನಿಮ್ಮ ಮಾವನೋರ್ಗೆ. ಹೊಳೆ ನೀರಿನ ಮನೆ ಮಾರಿ ಇಲ್ಲಿ ಬಂದು ಮೋಸ ಹೋದ್ರು ಅಂತ ಜನ ಆಡ್ಕಳ್ಳಾಕೆ ಬುಡ್ಬೇಕಿತ್ತಾ? ಸಾಯೋ ಗಂಟ ಅವರು ಈ ಮನೆ ನೋಡಿ ಬೀಗ್ತಿದ್ರು. ಯಾರ ಮ್ಯಾಲಾದ್ರೂ ಹಾಕ್ಬೇಕಿತ್ತು ಕಣವ್ವ. ನೀನು ಹೊರಗಿಂದ ಬಂದೋಳು, ತಡ್ಕತೀಯ ಅಂದ್ಕಂಡೆ."

"ಇವತ್ತು ಗೌರಾಂಬನ ಮುಂದೆ ಒಂದು ಮಾತು ಹೇಳಬಹುದಿತ್ತು."

"ಎಡೆ ಇಟ್ಟ ದಿನವೇ ಹೇಳ್ಲಾ?" ಎಂದರು ಶಿವರುದ್ರಮ್ಮ. "ಫೋಟೋ ಮುಂದೆ ದೀಪ ಇನ್ನೂ ಉರೀತಾ ಅದೆ."

ಅವರ ಪಾಲಿಗೆ ಮಾತು ಅಲ್ಲಿಗೆ ಮುಗಿಯಿತು. ಉಷಾರಾಣಿಗೆ ಮುಗಿಯಲಿಲ್ಲ. ಸತ್ತವರ ಮಾನ ಕಾಯುವುದಕ್ಕೆ ಬದುಕಿದ್ದವಳ ಮಾನವನ್ನು ಊರೂರಿಗೆ ಹಂಚಿದ್ದರು. ಅದೂ ತಡೆದುಕೊಳ್ಳುತ್ತಾಳೆ ಎಂಬ ಧೈರ್ಯದ ಮೇಲೆ.

ಮಾರನೆಯ ದಿನ ಬಸವಪ್ರಸಾದ ಹೊಸ ಕ್ಯಾನು ತಂದಿಟ್ಟ. ಈಗ ಆ ನೀರಲ್ಲಿ ಅಡುಗೆ ಮಾಡಿದರೆ ಯಾರೂ ಕೇಳುವಂತಿರಲಿಲ್ಲ. ಉಷಾರಾಣಿ ಅದರ ಕಡೆ ನೋಡಲೇ ಇಲ್ಲ. ನಲ್ಲಿ ತಿರುಗಿಸಿ ಬೇಳೆಗೆ ನೀರು ಹಿಡಿದಳು. ಇಷ್ಟು ವರ್ಷ ಅತ್ತೆಯ ಹಲ್ಲಿಲ್ಲದ ಬಾಯಿಗೆಂದು ಅವರ ಪಾಲಿನ ಬೇಳೆಯನ್ನು ಬೇರೆ ತೆಗೆದು, ಕಲ್ಲಿನಲ್ಲಿ ಅರೆದು ಬಡಿಸುತ್ತಿದ್ದಳು. ಅದನ್ನು ಯಾರೂ ಯಾರಿಗೂ ಹೇಳಿರಲಿಲ್ಲ. ಇವತ್ತು ಅರೆಯಲಿಲ್ಲ.

ಶಿವರುದ್ರಮ್ಮನವರು ಮೊದಲ ತುತ್ತು ಬಾಯಿಗಿಟ್ಟರು. ಬಹಳ ಹೊತ್ತು ದವಡೆ ಆಡಿಸಿದರು. ಆಮೇಲೆ ಬೇಳೆಯನ್ನು ಒಂದೊಂದಾಗಿ ಬಾಯಿಂದ ತೆಗೆದು ತಟ್ಟೆಯ ಅಂಚಿಗೆ ಇಟ್ಟರು. ಕೈಗುಣದ ಮಾತು ಎತ್ತಲಿಲ್ಲ, ಎತ್ತುವ ಹಾಗೂ ಇರಲಿಲ್ಲ. ಸೊಸೆಯ ಮುಖ ನೋಡಿದರು.

ಉಷಾರಾಣಿ ಇನ್ನೊಂದು ಸೌಟು ಬಡಿಸಿದಳು.