ಆಡುವ ಕಾಲು

ಮತ್ತೆ ಒದೆಯಿತು, ಬಲಗಾಲು, ಹಿಮ್ಮಡಿ ಹಾಸಿಗೆಯನ್ನು ಉಜ್ಜಿಕೊಂಡು ಸರ್ರನೆ ಹೋಯಿತು — ಹಿಡೀರಿ ಯವ್ವಾ ಅಂದಳು ವಾಹಿದಾ, ಗಾಯ ತೊಳೆಯಲು ಮಾನ್ವಿಯಿಂದ ಕುರ್ಡಿಯ ಈ ಮನೆಗೆ ಬರುವ ನರ್ಸಮ್ಮ, ನೀಲಗಂಗಮ್ಮ ಗಂಡ ಜಂಬಣ್ಣನ ಎರಡೂ ಮೊಳಕಾಲು ಅವುಚಿ ಹಿಡಿದಳು, ಕಟ್ಟಿಗೆಯಂತೆ ಬಿಗಿದಿವೆ, ಬಿಡಿಸಿದಷ್ಟೂ ಒಂದರ ಮೇಲೊಂದು ಏರುತ್ತವೆ, ಸೊಂಟದ ಕೆಳಗಿನ ಆ ಗಾಯದ ಗುಂಡಿ, ಹೋದ ವಾರ ಬರೀ ಕೆಂಪಗಿತ್ತು, ಈಗ ಒಳಗೆ ಬೆಳ್ಳಗೆ ಏನೋ, ಎಲುಬಾ, ಶಿವನೇ, ಎಲುಬು ಅಲ್ಲದಿರಲಿ. ಜಂಬಣ್ಣ ಮಾತ್ರ ತಲೆ ಎತ್ತಿ ಕಾಲನ್ನೇ ನೋಡುತ್ತಾನೆ, ನಗುತ್ತಾನೆ, ಗಿರಣಿಯಲ್ಲಿ ಭತ್ತದ ಚೀಲಗಳ ಥಪ್ಪಿಯ ಮೇಲಿಂದ ಬಿದ್ದು ಬೆನ್ನು ಮುರಿದ ದಿನದಿಂದ ಸತ್ತಂತೆ ಬಿದ್ದಿದ್ದ ಕಾಲು, ಮೊದಲ ಸಲ ಜಿಗಿದಾಗ ಓಣಿಯೇ ಬಂದು ನೋಡಿತ್ತು, ಜೀವ ಬಂತು ಜೀವ ಬಂತು, ತಾನು ಸಿಹಿ ಮಾದಲಿ ಮಾಡಿ ಮನೆಮನೆಗೆ ಹಂಚಿದ್ದಳು, ನಾಳೆ ಎದ್ದು ನಿಲ್ಲುವವನಿಗೆ ಸೆಳೆತ ಇಳಿಸುವ ಗುಳಿಗೆ ಯಾಕೆ, ನುಂಗಿದರೆ ಕಾಲು ಮತ್ತೆ ಮಲಗಿಬಿಟ್ಟರೆ — ಹಾಗಂತ ತಾನೇ, ಯಾರನ್ನೂ ಕೇಳದೆ, ಬಂದ್ ಮಾಡಿದ್ದು.

ಗುಳಿಗೆ ಕೊಡ್ತೀರಲ್ಲ ಎಂದು ವಾಹಿದಾ ಕೇಳಿದಾಗ ಹೂಂ ಅಂದಿದ್ದಾಳೆ, ಹೋದ ವಾರವೂ ಹೂಂ, ಇವತ್ತೂ ಹೂಂ, ನಾಲಿಗೆಗೆ ಏನು ಧಾಡಿಯಾಗಿತ್ತು. ವಾಹಿದಾ ಫೋನಿನಲ್ಲಿ ಡಾಕ್ಟರಿಗೆ ಹೇಳುತ್ತಿದ್ದಾಳೆ, ಗುಳಿಗಿ ಕೊಟ್ರೂ ಕಾಲು ಸೆಟಗೊಳ್ಳೋದು ನಿಂತಿಲ್ರೀ ಸರ, ತಿಕ್ಕಿ ತಿಕ್ಕಿ ಗಾಯ ಒಳಗ ಇಳದದ — ಹೂಂರೀ, ರಾಯಚೂರಿಗೆ ಕಳಸ್ತೀನ್ರಿ, ಕಾಲಿನ ನರ ಕಡಿಯೂದಾದ್ರ ಕಡೀಲಿ. ಕಡಿಯುವುದು, ಎಂಥ ಮಾತು, ತನ್ನ ಒಂದು ಹೂಂಗೆ ಇವನ ಕಾಲಿಗೆ ಕತ್ತಿ, ಹೇಳಿಬಿಡು, ಇವನೆದುರಿಗಾ, ಇವನೆದುರಿಗೇ — ಫೋನ್ ಇಡಬ್ಯಾಡವ್ವ, ಗುಳಿಗಿ ನಾ ಕೊಟ್ಟಿಲ್ಲ.

ವಾಹಿದಾ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು, ಡಾಕ್ಟರಿಗೆ ಹೇಳಿ, ಕೇಳಿ, ಫೋನ್ ಇಟ್ಟು ಅಂದಳು, ಇದು ಜೀವ ಬಂದದ್ದಲ್ಲ ಯವ್ವಾ, ಬೆನ್ನಹುರಿ ಪೆಟ್ಟಾದವರಿಗೆ ಕಾಲು ಹಿಂಗs ಆಡ್ತಾವ, ಗುಳಿಗಿ ಸಣ್ಣದ್ರಿಂದ ಮತ್ತ ಸುರು ಮಾಡ್ರಿ, ಕಾಲ ನಡುವ ದಿಂಬು ಇಡ್ರಿ, ಆಡೂದು ನಿಂತ್ರನs ಗಾಯ ಮಾಯ್ತದ, ಕಡಿಯೂ ಮಾತು ಆಮ್ಯಾಗ ನೋಡೂಣು. ಜಂಬಣ್ಣನ ನಗು ಎಲ್ಲಿ ಹೋಯಿತು, ಅವನ ಮುಖ ನೋಡಲು ಅವಳಿಗೆ ಧೈರ್ಯವಿಲ್ಲ, ಗುಳಿಗೆ, ನೀರಿನ ಲೋಟ, ತುಟಿಗೆ ಹಿಡಿದ ಕೈ — ತುಟಿ ತೆರೆಯದು. ತಡಿ ಅಂದ, ಇನ್ನೊಂದು ಸಲ ಆಡ್ಲಿ, ನೋಡ್ಕೊಂತೀನಿ. ತಡೆದಳು. ಹೊರಗೆ ಬಸ್ಸು ಹಾರ್ನ್ ಹಾಕಿ ಹೋಯಿತು, ವಾಹಿದಾ ಕೈಗವಸು ಬಿಚ್ಚದೆ ನಿಂತಿದ್ದಾಳೆ, ಮೂವರೂ ನೋಡುತ್ತಿದ್ದಾರೆ, ಆಡು ತಾಯಿ, ಬೇಡ, ಆಡಬೇಡ, ಗಾಯ, ಆಡು, ಒಂದೇ ಸಲ — ಒದೆಯಿತು, ಅವನು ಗುಳಿಗೆಗೆ ಬಾಯಿ ತೆರೆದ, ಕಣ್ಣು ಮಾತ್ರ ಅಲ್ಲೇ, ಬಲಗಾಲು, ಬಲಗಾಲು.